ಗರಗಸದ ಲೆಕ್ಕ

ಮರ ಕೊಯ್ಯುವ ಮೂರು ವಿಧಾನಗಳನ್ನು ನಾನು ಮಲೆನಾಡಿನಲ್ಲಿ ಕಂಡಿದ್ದೇನೆ. ಮೂರಕ್ಕೂ ಕೈ ಹಚ್ಚಿದ್ದೇನೆ. ಮೊದಲನೆಯದು ಇಬ್ಬರು ಎಳೆಯುವ ಕೈಗರಗಸ. ಅಟ್ಟಣೆಯ ಮೇಲೆ ದಿಮ್ಮಿ. ಅದರ ಮೇಲೊಬ್ಬ, ಕೆಳಗೊಬ್ಬ. ಮಸಿದಾರ ಹೊಡೆದ ಗೆರೆಯನ್ನು ಕಾಯುವವನು ಮೇಲಿನವನು, ಮರದ ಪುಡಿಯನ್ನು ಮೈಮೇಲೆ ಸುರಿಸಿಕೊಳ್ಳುವವನು ಕೆಳಗಿನವನು. ಎರಡನೆಯದು ಸಾಮಿಲ್ಲಿನ ಚಕ್ರಗರಗಸ, ಮೂರನೆಯದು ಬ್ಯಾಂಡ್ ಸಾ.

ನನ್ನ ಹಳೆಯ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಚಕ್ರಗರಗಸದ ಒಂದು ಕೊಯ್ತಕ್ಕೆ 5 ಮಿ.ಮೀ. ಮರ ಪುಡಿಯಾದರೆ, ಐದು ಕೊಯ್ತಕ್ಕೆ ಒಂದಂಗುಲದ ಹಲಗೆಯೇ ಹೊಟ್ಟಾಯಿತು! ಬ್ಯಾಂಡ್ ಸಾದ ತೆಳುವಾದ ಅಲಗು ಸುಮಾರು 2 ಮಿ.ಮೀ. ಮಾತ್ರ ತಿನ್ನುತ್ತದೆ, ಅಷ್ಟೇ ನಷ್ಟದಲ್ಲಿ ಹನ್ನೆರಡು ಕೊಯ್ತ.

ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು, ಕೇಂದ್ರದ ಅನುಮತಿಯಿಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಸಾಮಿಲ್ಲುಗಳನ್ನು ನಿಲ್ಲಿಸುವಂತೆ ಆದೇಶಿಸಿತು. ಅದು ಅಗತ್ಯವಾಗಿತ್ತು. ಆದರೆ ಮಿಲ್ಲುಗಳನ್ನು ಎಣಿಸಿದರಷ್ಟೇ ಸಾಲದು. ಅಲಗಿನ ದಪ್ಪವನ್ನೂ ಅಳೆಯಬೇಕು, ಗರಗಸಕ್ಕೆ ರಕ್ಷಾಕವಚವಿದೆಯೇ ಎಂದೂ ನೋಡಬೇಕು. ಬೆರಳು ಕಳೆದುಕೊಂಡವರೊಡನೆ ಕುಳಿತು ಚಹಾ ಕುಡಿದವನು ನಾನು. ನೂರು ವರ್ಷ ಬೆಳೆದ ಮರ ಹೊಟ್ಟಾಗಬಾರದು; ಅದನ್ನು ಕೊಯ್ಯುವ ಕೈ ಮೊಂಡಾಗಬಾರದು. ಪರವಾನಗಿ ನೀಡುವವರು ಈ ಎರಡನ್ನೂ ಒಟ್ಟಿಗೆ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.