ಬಸುರಿಗೆ ಬಾಟಲಿಯೋ, ಬಟ್ಟಲೋ?

ಬಸುರಿ ಹೆಂಗಸಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ಬುದ್ಧಿ ಹೇಳುವವರಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಬರ ಬಂದಿಲ್ಲ. ಮಳೆಗೆ ಬರ ಬಂದೀತು, ಕೆರೆಗೆ ಬರ ಬಂದೀತು, ಬುದ್ಧಿವಾದಕ್ಕೆ ಮಾತ್ರ ಬರವಿಲ್ಲ. ಅತ್ತೆ ಒಂದು ಹೇಳುತ್ತಾಳೆ, ನೆರೆಮನೆಯ ಅಜ್ಜಿ ಇನ್ನೊಂದು ಹೇಳುತ್ತಾಳೆ, ಸಂತೆಯಲ್ಲಿ ಬೇರು ನಾರು ಹರಡಿಕೊಂಡು ಕೂತವನು ಮತ್ತೊಂದು ಹೇಳುತ್ತಾನೆ. ಇವರೆಲ್ಲರ ಸಾಲಿಗೆ ಈಗ ಮೊಬೈಲೂ ಸೇರಿದೆ. ಈಚೆಗೆ ಶ್ರೀನಿವಾಸಪುರದ ಕಡೆಯ ಒಬ್ಬ ತರುಣ ತನ್ನ ಮೊಬೈಲನ್ನು ನನ್ನ ಕೈಗಿತ್ತು, "ಮೇಷ್ಟ್ರೇ, ಮನೆಯವಳಿಗೆ ಐದು ತಿಂಗಳು. ಚೀನಾದವರ ಸಾವಿರಾರು ವರ್ಷದ ಗರ್ಭರಕ್ಷಣೆಯ ಔಷಧ ಅಂತ ಬಂದಿದೆ. ತರಿಸಲೋ ಬೇಡವೋ?" ಎಂದು ಕೇಳಿದ. ಅವನು ದಿನಗೂಲಿಯವನು. ಬಾಟಲಿಯ ಬೆಲೆಯೋ, ಅವನ ಒಂದು ವಾರದ ದುಡಿಮೆಗೆ ಸಮ.

ತರಿಸಬೇಡಪ್ಪ ಎಂದೆ. ಆದರೆ ಬೇಡ ಎಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಏಕೆ ಬೇಡ, ಅದರ ಬದಲು ಏನು ಬೇಕು, ಆ ಬೇಕಾದದ್ದು ಅವನ ಹೆಂಡತಿಗೆ ಏಕೆ ಸಿಕ್ಕುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಚೀನೀಯರ ವೈದ್ಯವೆಲ್ಲ ಬೊಗಳೆಯೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಆ ದೇಶದ ಹಳೆಯ ಗ್ರಂಥವೊಂದು ಜ್ವರಕ್ಕೆಂದು ಹೇಳಿದ್ದ ಗಿಡವನ್ನು ಹಿಡಿದು, ಅದರ ಸಾರ ತೆಗೆದು, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತನ್ನ ಮೈಮೇಲೆಯೇ ಪ್ರಯೋಗಿಸಿ, ಮಲೇರಿಯಾಕ್ಕೆ ಮದ್ದು ಕಂಡ ತು ಯೂಯೂ ಎಂಬ ಮಹಿಳೆಗೆ 2015ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಿಡ ಹಳೆಯದೆಂದು ಬಹುಮಾನ ಬರಲಿಲ್ಲ, ಪರೀಕ್ಷೆಗೆ ಒಡ್ಡಿ ಗೆಲ್ಲಿಸಿದ್ದಕ್ಕೆ ಬಂದಿತು. ಮೊಬೈಲಿನ ಬಾಟಲಿಯವನು ಈ ವ್ಯತ್ಯಾಸವನ್ನು ನಮ್ಮ ಜನಕ್ಕೆ ಹೇಳುವುದಿಲ್ಲ.

ಅಷ್ಟೇ ಅಲ್ಲ, ಆ ಹಳೆಯ ಗ್ರಂಥಗಳು ನಿಜವಾಗಿ ಏನು ಹೇಳಿವೆ ಎಂಬುದನ್ನೂ ಅವನು ಹೇಳುವುದಿಲ್ಲ. ಏಳನೆಯ ಶತಮಾನದಲ್ಲಿ ಸುನ್ ಸಿಮಿಯಾವೊ ಎಂಬ ಚೀನೀ ವೈದ್ಯನಿದ್ದ. ಬಸುರಿ ಹೆಂಗಸು ತಿಂಗಳು ತಿಂಗಳಿಗೂ ಹೇಗಿರಬೇಕೆಂಬ ವಿಧಿಗಳು ಅವನ ಗ್ರಂಥದಲ್ಲಿವೆ. ನಾಲ್ಕನೆಯ ತಿಂಗಳಲ್ಲಿ ಅನ್ನ, ಮೀನಿನ ಸಾರು, ಕಾಡುಬಾತಿನ ಸಾರು. ಐದನೆಯ ತಿಂಗಳಲ್ಲಿ ಬೆಳಿಗ್ಗೆ ತಡವಾಗಿ ಏಳಬೇಕು, ಸ್ನಾನ ಮಾಡಬೇಕು, ಬೆಚ್ಚನೆಯ ಬಟ್ಟೆ ಹೊದೆಯಬೇಕು, ಎಳೆಬಿಸಿಲಿಗೆ ಮೈ ಒಡ್ಡಬೇಕು, ಮಾಂಸದ ಸಾರು ಉಣ್ಣಬೇಕು. ಬಹಳ ಹಸಿಯಲೂ ಕೂಡದು, ಬಹಳ ದಣಿಯಲೂ ಕೂಡದು. ಆರನೆಯ ತಿಂಗಳಲ್ಲಿ ಕೊಂಚ ಮೈ ಆಡಿಸಬೇಕು, ಬಯಲಿಗೆ ಹೋಗಿ ಓಡುವ ನಾಯಿಗಳನ್ನೂ ಕುದುರೆಗಳನ್ನೂ ನೋಡಿ ಬರಬೇಕು! ನಮ್ಮ ಚರಕನ ಮಾತೂ ಇದೇ ದಾರಿಯದು. ನಾಲ್ಕರಲ್ಲಿ ಹಾಲಿನೊಡನೆ ಬೆಣ್ಣೆ, ಐದರಲ್ಲಿ ಹಾಲಿನಿಂದ ತೆಗೆದ ತುಪ್ಪ, ಆರರಲ್ಲಿ ಅದೇ ತುಪ್ಪವನ್ನು ಸಿಹಿ ಮೂಲಿಕೆಗಳೊಡನೆ. ನಾಲ್ಕನೆಯ ತಿಂಗಳಿಗೆ ಹೆಂಗಸಿನೊಳಗೆ ಎರಡು ಹೃದಯ, ಆದ್ದರಿಂದ ಅವಳ ಬಯಕೆಯನ್ನು ಕಡೆಗಣಿಸಬಾರದು ಎಂಬುದು ನಮ್ಮ ಆಯುರ್ವೇದದ ಮಾತು. ನಮ್ಮ ಮನೆಗಳಲ್ಲಿ ಬಯಕೆಯ ಊಟ ಹಾಕುವ ಪದ್ಧತಿಯೂ ಇದೇ ತಿಳಿವಳಿಕೆಯದು.

ಇಬ್ಬರೂ ಮೂಲಿಕೆ ಹೇಳಿದ್ದಾರೆ, ನಿಜ. ಆದರೆ ನಾಲ್ಕು, ಐದು, ಆರನೆಯ ತಿಂಗಳಿಗೆ ಇಬ್ಬರೂ ಮೊದಲು ಹೇಳಿದ್ದು ಊಟ ಮತ್ತು ಬಿಡುವು. ಅದೂ ಯಾರಿಗೆ? ತಡವಾಗಿ ಏಳಲು ಸಾಧ್ಯವಿದ್ದ ಮನೆಯ ಹೆಂಗಸಿಗೆ. ಕೋಲಾರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಟೊಮೇಟೊ ಬೀಳಬೇಕೆಂದು ನಸುಕಿನಲ್ಲೇ ಟೆಂಪೊ ಹತ್ತಿ ಕೀಳಲು ಹೋಗುವವಳಿಗೆ ತಡವಾಗಿ ಏಳು ಎನ್ನುವ ವೈದ್ಯ ಯಾವ ಲೋಕದವನು? ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ತಲೆಯ ಮೇಲೆ ಹೊರೆ ಹೊರುವವಳಿಗೆ ಕೊಂಚ ಮೈ ಆಡಿಸು ಎನ್ನಬೇಕೇ? ಇನ್ನು ಹಾಲಿನ ಮಾತು. ನಮ್ಮದು ರೇಷ್ಮೆ, ಹಾಲು, ಚಿನ್ನದ ಜಿಲ್ಲೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಬೆಳಗಾಗೆದ್ದು ಡೈರಿಯ ಮುಂದೆ ನಿಂತು ನೋಡಿರಿ. ಹಸು ಕಟ್ಟಿದ ಹೆಂಗಸೇ ಹಾಲನ್ನು ತಂದು ಸುರಿಯುತ್ತಾಳೆ. ಅವಳ ಮನೆಯಲ್ಲಿ ಉಳಿಯುವುದು ಕಾಫಿಗೆ ಎಷ್ಟು ಬೇಕೋ ಅಷ್ಟು. ಆ ಹಾಲಿನ ದುಡ್ಡಿನಲ್ಲೇ ಹಿಂಡಿಯ ಸಾಲ, ಸಂಘದ ಕಂತು, ಮಕ್ಕಳ ಫೀಸು ಎಲ್ಲವೂ ನಡೆಯಬೇಕಾಗಿರುವಾಗ ಅವಳನ್ನು ಬೈದು ಫಲವಿಲ್ಲ.

ಊಟವೂ ಬಿಡುವೂ ಸಿಕ್ಕದ ಕಡೆ ಬಾಟಲಿ ನುಗ್ಗುತ್ತದೆ. ನುಗ್ಗಿದ ಮೇಲೆ ಅದು ಸುಮ್ಮನೆ ಕೂರುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2011–12ರಲ್ಲಿ ಆರು ಮಂದಿ ಬಸುರಿಯರ ರಕ್ತದಲ್ಲಿ ಸೀಸದ ವಿಷ ಕಂಡುಬಂದಿತು. ವಿಚಾರಿಸಿದರೆ ಆರು ಮಂದಿಯೂ ನಮ್ಮ ದೇಶದಲ್ಲಿ ತಯಾರಾದ ಆಯುರ್ವೇದದ ಔಷಧಗಳನ್ನು ನುಂಗಿದ್ದರು. ತಾಯಿಯ ರಕ್ತದ ಸೀಸ ಮಗುವಿಗೂ ದಾಟುತ್ತದೆ, ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ. ಚೀನೀ ಮೂಲಿಕೆಯ ಕಥೆಯೂ ಇಂಥದೇ. ಬೆಲ್ಜಿಯಂನಲ್ಲಿ ಮೈ ತೂಕ ಇಳಿಸಿಕೊಳ್ಳಲು ಚೀನೀ ಮೂಲಿಕೆಯ ಮಾತ್ರೆ ತಿಂದ ಹೆಂಗಸರ ಮೂತ್ರಪಿಂಡಗಳು ಕೆಟ್ಟವೆಂದು 1993ರಲ್ಲಿ ಅಲ್ಲಿಯ ವೈದ್ಯರು ಪ್ರಕಟಿಸಿದರು. ಒಂದು ಬೇರಿನ ಬದಲಿಗೆ ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ಬೇರು ಬಿದ್ದಿತ್ತು. ಆ ವಿಷದ ಬೇರು ನಮ್ಮ ಈಶ್ವರಿ ಬಳ್ಳಿಯ ಕುಲದ್ದೇ. ಈಶ್ವರಿ ಬೇರನ್ನು ಬಸುರಿಗೆ ಮುಟ್ಟಿಸಬಾರದೆಂದು ತಿಳಿದ ನಾಟಿ ವೈದ್ಯರು ನಮ್ಮಲ್ಲಿದ್ದಾರೆ. ಬಾಟಲಿಯೊಳಗೆ ಯಾವ ಬೇರಿದೆಯೆಂದು ಆ ತಿಳಿದವರಿಗೂ ಗೊತ್ತಾಗಲಾರದು.

ಕೇಸರಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಐದನೆಯ ತಿಂಗಳಿಂದ ಹಾಲಿಗೆ ಕೇಸರಿ ಹಾಕಿ ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆಂದು ನಂಬಿ ಬಡವರೂ ಸಾಲ ಮಾಡಿ ಕೊಳ್ಳುತ್ತಾರೆ. ಮಗುವಿನ ಬಣ್ಣ ತಾಯಿ ತಂದೆಯರಿಂದ ಬರುವುದೇ ಹೊರತು ಹಾಲಿನ ಬಣ್ಣದಿಂದಲ್ಲ. ಕಪ್ಪಾದರೇನು ಎಂಬ ಪ್ರಶ್ನೆ ಬೇರೆ ಇದೆ, ಅದನ್ನು ಇನ್ನೊಂದು ದಿನ ಕೇಳೋಣ. ಅಗ್ಗದ ಕೇಸರಿಯೆಂದು ಮಾರುವುದು ಅನೇಕ ವೇಳೆ ಕುಸುಬೆಯ ಹೂವಿನ ಎಸಳು. ತಮಾಷೆಯೆಂದರೆ, ಬಸುರಿಗೆ ಕೊಡಬಾರದೆಂದು ಚೀನೀ ವೈದ್ಯರೇ ಬರೆದಿಟ್ಟ ಪಟ್ಟಿಯಲ್ಲಿ ಈ ಕುಸುಬೆ ಹೂ ಇದೆ. ಚೀನಾದ ವಿದ್ಯೆಯಿಂದ ಕಲಿಯುವುದಿದ್ದರೆ ಇಂಥದನ್ನು ಕಲಿಯಬಹುದು.

ಈಗ ಆ ಮೂರು ತಿಂಗಳಲ್ಲಿ ಹೆಂಗಸಿನ ಮೈಯಲ್ಲಿ ನಡೆಯುವುದೇನು ಎಂಬುದನ್ನು ನೋಡೋಣ. ವಾಕರಿಕೆ ಇಳಿದಿರುತ್ತದೆ, ಹಸಿವು ಹೆಚ್ಚಿರುತ್ತದೆ, ಐದನೆಯ ತಿಂಗಳ ಸುಮಾರಿಗೆ ಮಗು ಮಿಸುಕುವುದು ತಿಳಿಯುತ್ತದೆ. ನೋಡುವವರಿಗೆ ಎಲ್ಲವೂ ಚೆನ್ನಾಗಿದೆ ಎನಿಸುವ ಕಾಲ. ಒಳಗೆ ಮಾತ್ರ ರಕ್ತದ ನೀರಿನಂಶ ಏರುತ್ತ ಹೋಗಿ, ಬಸಿರು ಮುಗಿಯುವ ಹೊತ್ತಿಗೆ ಮೊದಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಂಪು ಕಣಗಳು ಆ ವೇಗಕ್ಕೆ ಹೆಚ್ಚಲಾರವು. ಇಡೀ ಬಸಿರಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮೈನೆರೆದಂದಿನಿಂದ ಅರೆಹೊಟ್ಟೆ ಉಂಡವಳಲ್ಲಿ ಆ ದಾಸ್ತಾನು ಎಲ್ಲಿಂದ ಬರಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ, ನಮ್ಮ ರಾಜ್ಯದಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ, 7ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಹೆರಿಗೆಯಲ್ಲಿ ಬೇರೆಯವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವಳು ತಡೆದುಕೊಳ್ಳಲಾರಳು.

ಬಸುರಿ ಗೋಡೆಯ ಮಣ್ಣು, ಇಟ್ಟಿಗೆ ಚೂರು, ಹಸಿ ಅಕ್ಕಿ ತಿನ್ನುವುದನ್ನು ಕಂಡಾಗ ನಾವು ನಗುತ್ತೇವೆ, ಬಯಕೆ ಎನ್ನುತ್ತೇವೆ. ಅನೇಕ ವೇಳೆ ಅದು ಬಯಕೆಯಲ್ಲ, ರಕ್ತ ಬತ್ತಿದ ಗುರುತು. ಅಂಥವಳನ್ನು ಗದರಿಸುವ ಬದಲು ಆಸ್ಪತ್ರೆಗೆ ಕರೆದೊಯ್ದು ಬೆರಳಿನ ರಕ್ತ ನೋಡಿಸತಕ್ಕದ್ದು.

ಇದಕ್ಕೆ ಮದ್ದಿದೆ. ಅದು ಚೀನಾದಿಂದ ಬರಬೇಕಾಗಿಲ್ಲ, ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. 60 ಮಿಲಿಗ್ರಾಂ ಕಬ್ಬಿಣವೂ ಫೋಲಿಕ್ ಆಮ್ಲವೂ ಇರುವ ಕೆಂಪು ಗುಳಿಗೆ, ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ; ಜತೆಗೆ ಸುಣ್ಣದ ಅಂಶದ ಕ್ಯಾಲ್ಸಿಯಂ ಗುಳಿಗೆ; ಜಂತುಹುಳುವಿಗೆ ಒಂದು ಗುಳಿಗೆ. ಪುಕ್ಕಟೆ ಸಿಕ್ಕುವುದರಿಂದಲೋ ಏನೋ, ಇದಕ್ಕೆ ಮರ್ಯಾದೆಯಿಲ್ಲ. ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಕೇಳುತ್ತೇವೆ. ಎರಡೂ ಸುಳ್ಳು. ಮಲ ಕಪ್ಪಗಾಗುತ್ತದೆ, ಅದು ಕಬ್ಬಿಣದ ಬಣ್ಣ, ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಲಿ. ಕಾಫಿ, ಟೀ ಜತೆ ಮಾತ್ರ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯೂ ಅದೇ ಹೊತ್ತಿಗೆ ಬೇಡ. ನಿಂಬೆಹಣ್ಣಿನ ನೀರು, ನೆಲ್ಲಿಕಾಯಿ ಜತೆಗಿದ್ದರೆ ಒಳ್ಳೆಯದು.

ರಾಗಿಯ ಬಗ್ಗೆ ನಮಗೆ ಅಭಿಮಾನವಿದೆ, ಇರತಕ್ಕದ್ದೇ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ. ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬಾರವು. ಆದರೆ ರಾಗಿಯ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಾದರೆ ವಾಸಿ. ಹಿಂದೆ ಮಕ್ಕಳಿಗೆ ಅಂಬಲಿ ಮಾಡುತ್ತಿದ್ದದ್ದು ಆ ಹಿಟ್ಟಿನಲ್ಲೇ. ಹೊಲದ ಬದುವಿನ ಬೆರಕೆ ಸೊಪ್ಪಿನ ಸಾರು, ನುಗ್ಗೆ ಸೊಪ್ಪು, ಹುರುಳಿ, ಅವರೆ, ದಿನಕ್ಕೊಂದು ಮೊಟ್ಟೆ, ವಾರಕ್ಕೆ ಒಂದೆರಡು ಸಲ ಮಾಂಸ ಇದ್ದರೆ ಚರಕನಿಗೂ ಸುನ್ ಸಿಮಿಯಾವೊಗೂ ಒಪ್ಪಿಗೆಯಾದೀತು. ಎಲ್ಲರೂ ಉಂಡಾದ ಮೇಲೆ ತಪ್ಪಲೆಯ ತಳದಲ್ಲಿ ಉಳಿದದ್ದನ್ನು ಬಸುರಿ ಉಣ್ಣುವ ಪದ್ಧತಿಯನ್ನು ನಮ್ಮ ಗಂಡಸರು ನಿಲ್ಲಿಸಲಿ. ಅದಕ್ಕೆ ಸರ್ಕಾರದ ಆದೇಶ ಬರಬೇಕೆ?

ನೀರಿನದು ಇನ್ನೊಂದು ಗೋಳು. ಕೆರೆ ಬತ್ತಿ, ಬಾವಿ ಬತ್ತಿ, ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ನಮ್ಮ ಜಿಲ್ಲೆಯ ಜನ ಫ್ಲೋರೈಡ್ ಕುಡಿಯುತ್ತ ಬಂದಿದ್ದಾರೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದುತ್ತದೆ, ಅದಕ್ಕೂ ಬಹಳ ಹೆಚ್ಚಾದರೆ ಮೂಳೆ ಬಿಗಿಯುತ್ತದೆ ಎಂದು ಎಲ್ಲರೂ ಬಲ್ಲರು. ಬಸುರಿಯ ರಕ್ತಕ್ಕೂ ಇದಕ್ಕೂ ಸಂಬಂಧವುಂಟು ಎಂಬುದನ್ನು ಬಲ್ಲವರು ಕಡಿಮೆ. ದಿಲ್ಲಿಯಲ್ಲಿ ಎ.ಕೆ. ಸುಶೀಲಾ ಮತ್ತು ಸಂಗಡಿಗರು ರಕ್ತಹೀನತೆಯ ಬಸುರಿಯರಿಗೆ ಫ್ಲೋರೈಡ್ ಇರುವ ನೀರನ್ನೂ ಆಹಾರವನ್ನೂ ಬಿಡಿಸಿ, ಹಾಲು, ಸೊಪ್ಪು, ಹಣ್ಣು ಹೆಚ್ಚಿಸಿದಾಗ ಅವರ ಹಿಮೋಗ್ಲೋಬಿನ್ ಏರಿತೆಂದು 2010ರಲ್ಲಿ ಪ್ರಕಟಿಸಿದ್ದಾರೆ. ಹಾಗಿದ್ದ ಮೇಲೆ ಊರ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಟ್ಟಲೆ ಬೀಗ ಬಿದ್ದಿದ್ದರೆ ಅದು ಬರಿಯ ಮೋಟಾರಿನ ರಿಪೇರಿಯ ವಿಷಯವಲ್ಲ. ಗ್ರಾಮ ಪಂಚಾಯಿತಿಯ ಮುಂದೆ ಮೊದಲು ಇಡಬೇಕಾದ ಅಹವಾಲು ಅದು.

ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು. ತಿಂಗಳಿಗೆ 25 ದಿನ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಯೋಚನೆ ಬಹಳ ಒಳ್ಳೆಯದು. ಚರಕನ ಪಥ್ಯವನ್ನು ಸರ್ಕಾರವೇ ಬಡವಳ ತಟ್ಟೆಗೆ ಹಾಕಿದಂತೆ. ಆದರೆ ಅಂಗನವಾಡಿಗೆ ಬಂದು ಕೂತು ಉಣ್ಣಬೇಕೆಂದರು. ನಡುಮಧ್ಯಾಹ್ನ ಮೂರು ಮೈಲಿ ದೂರದ ತೋಟದಲ್ಲಿ ಕ್ರೇಟು ತುಂಬುತ್ತಿರುವವಳು ಅರ್ಧ ದಿನದ ಕೂಲಿ ಕಳೆದುಕೊಂಡು ಮೊಟ್ಟೆ ತಿನ್ನಲು ಬರುತ್ತಾಳೆಯೇ? ಬಂದವರಿಗೆ ಉಪಕಾರವಾಯಿತು. ಬಾರದವಳೇ ಎಲ್ಲರಿಗಿಂತ ಬಡವಳು.

ಬಿಡುವಿಗೆ ದುಡ್ಡು ಬೇಕು. 1951ರಲ್ಲೇ ಚೀನಾ ತನ್ನ ಕಾರ್ಖಾನೆಯ ಹೆಂಗಸರಿಗೆ ಸಂಬಳಸಹಿತ 56 ದಿನದ ಹೆರಿಗೆ ರಜೆ ಬರೆದಿಟ್ಟಿತು. ನಮ್ಮಲ್ಲಿ 1961ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂದಿತು, 2017ರಲ್ಲಿ ರಜೆಯನ್ನು 26 ವಾರಕ್ಕೆ ಏರಿಸಿದರು. ಸಂತೋಷ. ಹೊಲದ ಕೂಲಿಯವಳು ಆಗಲೂ ಹೊರಗೆ, ಈಗಲೂ ಹೊರಗೆ. 2013ರ ಆಹಾರ ಭದ್ರತೆ ಕಾಯಿದೆಯು ಬಸುರಿಗೆ 6000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಹಕ್ಕೆಂದು ಸಾರಿತು. 2017ರ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ ಎಂದು ಮಿತಿಗೊಳಿಸಿ 5000ಕ್ಕೆ ಇಳಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ 6000 ಎಂದರು. ಎರಡನೆಯದು ಗಂಡಾದರೆ ತಾಯಿಗೆ ರಕ್ತ ಬೇಡವೇ? ಎರಡು ಮೂರು ಹೆತ್ತವಳಲ್ಲೇ ರಕ್ತ ಹೆಚ್ಚು ಬತ್ತಿರುತ್ತದೆಂಬುದು ಯಾವ ನರ್ಸಮ್ಮನನ್ನು ಕೇಳಿದರೂ ತಿಳಿಯುವ ವಿಷಯ.

ಆದ್ದರಿಂದ ನಮ್ಮ ಎಲ್ಲ ತಾಲ್ಲೂಕುಗಳ ಸಂಗಾತಿಗಳು ಮುಂದಿನ ಗ್ರಾಮಸಭೆಗಳಲ್ಲಿ ಕೇಳಬೇಕಾದದ್ದು ಇಷ್ಟು. ಕೂಲಿಗೆ ಹೋಗುವ ಬಸುರಿಯ ಊಟವನ್ನು ಬೆಳಿಗ್ಗೆ ಡಬ್ಬಿಗೆ ಹಾಕಿ ಕೊಡಿ, ಇಲ್ಲವೇ ತೋಟಕ್ಕೆ ಕಳಿಸಿ. ನೀರಿನ ಘಟಕದ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಹಲಗೆಯ ಮೇಲೆ ಬರೆಸಿ. ತೋಟದ ಮಾಲೀಕರಿಗೆ ಒಂದು ಮಾತು: ಐದು ತಿಂಗಳು ದಾಟಿದವಳ ತಲೆಗೆ ಕ್ರೇಟು ಹೊರಿಸಬೇಡಿ. ಕೂತು ಹಣ್ಣು ವಿಂಗಡಿಸುವ ಕೆಲಸ ಕೊಡಿ, ಕೂಲಿ ಕಡಿಯಬೇಡಿ.

ಮೊಬೈಲು ಹಿಡಿದು ಬಂದ ತರುಣನಂಥವರಿಗೆ ಬೇರೆ ಹೇಳುವುದಿದೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬಿದ ಬಸುರಿಯರಿಗೆ ಡಾಕ್ಟರ ತಪಾಸಣೆ ಪುಕ್ಕಟೆ. ಆ ದಿನ ನಿಮ್ಮ ಕೂಲಿಯನ್ನೂ ಬಿಟ್ಟು ಹೆಂಡತಿಯ ಜತೆ ಹೋಗಿ. ತಾಯಿ ಕಾರ್ಡು ಮರೆಯಬೇಡಿ. ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ ಎಂದು ಕೇಳಿ, ಅಂಕಿಯನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆ ಇವುಗಳಲ್ಲಿ ಯಾವುದೊಂದು ಕಂಡರೂ 9ನೇ ತಾರೀಖಿಗೆ ಕಾಯದೆ 108ಕ್ಕೆ ಫೋನು ಮಾಡಿ. ಬಾಟಲಿಗೆಂದು ಎತ್ತಿಟ್ಟ ದುಡ್ಡು ಹಾಗೇ ಇದ್ದರೆ, ಬರುವಾಗ ಎರಡು ಡಜನ್ ಮೊಟ್ಟೆ ತನ್ನಿ.