ಕ್ರಾಸ್-ಕಂಟ್ರಿ ಬೂಟು: ಬಣ್ಣ ಕೊನೆಗೆ ನೋಡೋಣ

(1/6) 🐴
ಸೀಸನ್ ಹತ್ರ ಬಂತು ಅಂದ್ರೆ ನಮ್ಮ ಗ್ರೂಪಲ್ಲಿ ಒಂದೇ ಪ್ರಶ್ನೆ: “ಸ್ಯಾಡಲ್ ಪ್ಯಾಡಿಗೆ ಮ್ಯಾಚ್ ಆಗೋ ಬೂಟ್ ಎಲ್ಲಿ ಸಿಗುತ್ತೆ?” ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಒಪ್ತೀನಿ. ಆದ್ರೆ ಕ್ರಾಸ್-ಕಂಟ್ರಿಗೆ ಬೂಟ್ ಆರಿಸುವಾಗ ಬಣ್ಣ ಕೊನೆಗೆ ಬರಬೇಕು. “ದಪ್ಪ ಇದ್ದಷ್ಟೂ ಒಳ್ಳೇದು” ಅನ್ನೋ ಮಾತನ್ನೂ ನಾನು ನಂಬಲ್ಲ. ಮೊದಲು ಕೇಳಬೇಕಾದ್ದು ಇದು: ಏಟು ಎಲ್ಲಿಂದ ಬರುತ್ತೆ?

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂಚೂರು ಹಿನ್ನೆಲೆ. ಈವೆಂಟಿಂಗ್‌ನಲ್ಲಿ ಮೂರು ಹಂತ. ಡ್ರೆಸ್ಸಾಜ್ ಟೆಸ್ಟಲ್ಲಿ ಕುದುರೆ ಕಾಲಿಗೆ ಬೂಟ್ ಹಾಕೋ ಹಾಗಿಲ್ಲ. ಶೋ ಜಂಪಿಂಗ್‌ನಲ್ಲಿ ಕಾಲು ತಗುಲಿದರೆ ಕೋಲು ಬೀಳುತ್ತೆ. ಕ್ರಾಸ್-ಕಂಟ್ರಿಯಲ್ಲಿ ದಿಮ್ಮಿ, ಹಳ್ಳ, ನೀರು. ಕಾಲು ತಗುಲಿದರೂ ದಿಮ್ಮಿ ಸಾಮಾನ್ಯವಾಗಿ ಜಗ್ಗಲ್ಲ. ಪ್ಯಾರಿಸ್ 2024ರ ಒಲಿಂಪಿಕ್ಸ್ ಕೋರ್ಸ್ 5 ಕಿ.ಮೀ.ಗಿಂತ ಉದ್ದ ಇತ್ತು. ಆ ಮಟ್ಟದಲ್ಲಿ ವೇಗ ನಿಮಿಷಕ್ಕೆ 570 ಮೀಟರ್, ಅಂದ್ರೆ ಗಂಟೆಗೆ ಸುಮಾರು 34 ಕಿ.ಮೀ. ನಾವು ಅಷ್ಟು ಜೋರಾಗಿ ಓಡಿಸಲ್ಲ ನಿಜ, ಆದ್ರೆ ದಿಮ್ಮಿ ಇಲ್ಲೂ ಅಷ್ಟೇ ಗಟ್ಟಿ.

(2/6)
ಕುದುರೆಯ ಮುಂಗಾಲಲ್ಲಿ ನಾವು ‘ಮಂಡಿ’ ಅಂತ ಕರೆಯೋದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಅದರ ಕೆಳಗಿನ ಉದ್ದ ಮೂಳೆ ನಮ್ಮ ಅಂಗೈಯೊಳಗೆ ನಡುಬೆರಳಿನ ಬುಡಕ್ಕೆ ಬರೋ ಮೂಳೆ. ಗೊರಸು ಅಂದ್ರೆ ಆ ಬೆರಳಿನ ಉಗುರು. ಸುಮಾರು 500 ಕೆ.ಜಿ. ಪ್ರಾಣಿ ಉಗುರಿನ ಮೇಲೆ ನಿಂತಿದೆ!

ಮಂಡಿಯಿಂದ ಕೆಳಗೆ ಮಾಂಸಖಂಡ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚರ್ಮ, ಅದರ ಕೆಳಗೆ ನೇರವಾಗಿ ಮೂಳೆ, ಹಿಂಭಾಗದಲ್ಲಿ ಹಗ್ಗದ ಥರ ಟೆಂಡನ್. ಈ ಟೆಂಡನ್‌ಗೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಪೆಟ್ಟಾದರೆ ವಾಸಿಯಾಗೋಕೆ ತಿಂಗಳುಗಟ್ಟಲೆ ಬೇಕು. ಕೆಲವು ಕುದುರೆಗಳು ಮತ್ತೆ ಮೊದಲಿನ ಹಾಗೆ ಓಡೋದೇ ಇಲ್ಲ. ಬೂಟ್ ಯಾಕೆ ಬೇಕು ಅಂದ್ರೆ ಇದಕ್ಕೆ.

(3/6)
ಈಗ ಏಟಿನ ಲೆಕ್ಕ 👇
👉 ಮುಂಗಾಲು: ಅಪಾಯ ಹಿಂದಿನಿಂದ. ಜಿಗಿದು ಇಳಿಯುವಾಗ ಅಥವಾ ಜೋರಾಗಿ ಓಡುವಾಗ ಹಿಂಗಾಲಿನ ಗೊರಸು ಬಂದು ಮುಂಗಾಲಿನ ಟೆಂಡನ್‌ಗೆ ಬಡಿಯುತ್ತೆ. ಹಾಗಾಗಿ ಮುಂದಿನ ಬೂಟಿಗೆ ಹಿಂಭಾಗದಲ್ಲಿ ಗಟ್ಟಿ ಪ್ಲೇಟ್ ಇರಬೇಕು.
👉 ಹಿಂಗಾಲು: ಅಪಾಯ ಮುಂದಿನಿಂದ. ಎಳೆದುಕೊಳ್ಳೋದು ತಡವಾದ ಕಾಲು ದಿಮ್ಮಿಗೆ ಬಡಿಯುತ್ತೆ. ಹಿಂದಿನ ಬೂಟಿಗೆ ಮುಂಭಾಗವೇ ಗಟ್ಟಿ ಇರಬೇಕು.
👉 ನಾಲ್ಕೂ ಕಾಲು: ಒಳಬದಿ. ಒಂದು ಕಾಲು ಇನ್ನೊಂದಕ್ಕೆ ಉಜ್ಜುತ್ತೆ.

ಶೋ ಜಂಪಿಂಗ್‌ನ ಮುಂಭಾಗ ತೆರೆದ ಬೂಟನ್ನೇ ಇಲ್ಲಿಗೂ ಹಾಕೋರು ಇದ್ದಾರೆ. ಕೋಲು ತಗುಲಿದ್ದು ಕುದುರೆಗೆ ಗೊತ್ತಾಗಲಿ ಅಂತ ಅಲ್ಲಿ ಮುಂಭಾಗ ಬಿಟ್ಟಿರ್ತಾರೆ. ಇಲ್ಲಿ ಅದೇ ಜಾಗಕ್ಕೆ ದಿಮ್ಮಿ ಬಡಿಯುತ್ತೆ. ದಯವಿಟ್ಟು ಬೇಡ.

(4/6)
ಇನ್ನು ನನಗೆ ಸಿಟ್ಟು ಬರೋ ವಿಷಯ: ಡಬ್ಬದ ಮೇಲಿನ “ಟೆಂಡನ್ ಸಪೋರ್ಟ್” ಅನ್ನೋ ಪದ. ಓಡುವಾಗ ಗೊರಸಿನ ಮೇಲಿನ ಕೀಲು ಪ್ರತಿ ಹೆಜ್ಜೆಗೂ ನೆಲದ ಕಡೆ ಕುಸಿಯುತ್ತೆ, ಆಗ ಟೆಂಡನ್ ಮೇಲೆ ಬೀಳೋ ಎಳೆತ ಕುದುರೆಯ ತೂಕಕ್ಕಿಂತ ಎಷ್ಟೋ ಜಾಸ್ತಿ. ಅದನ್ನ ಒಂದು ತುಂಡು ನಿಯೋಪ್ರೀನು, ಎರಡು ವೆಲ್ಕ್ರೋ ಪಟ್ಟಿ ಹಿಡಿದು ನಿಲ್ಲಿಸುತ್ತವಾ? ಬೂಟು ಬಡಿತ ತಡೆಯುತ್ತೆ, ಚರ್ಮ ಕಿತ್ತು ಹೋಗೋದನ್ನ ತಪ್ಪಿಸುತ್ತೆ. ಸುಸ್ತು, ಕೆಟ್ಟ ನೆಲ, ಅತಿ ವೇಗ, ಇವಕ್ಕೆಲ್ಲ ಬೂಟಲ್ಲಿ ಉತ್ತರ ಇಲ್ಲ.

ಟೋಕಿಯೋ ಒಲಿಂಪಿಕ್ಸ್ ನೆನಪಿದೆಯಾ? 2021ರಲ್ಲಿ ನಡೆದದ್ದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ, ಸೆನ್ಯೋರ್ ಮೆಡಿಕಾಟ್ ಕುದುರೆ ಮೇಲೆ 23ನೇ ಸ್ಥಾನ ಪಡೆದು ನಾವೆಲ್ಲ ಕುಣಿದಾಡಿದ್ವಿ. ಅದೇ ಕ್ರಾಸ್-ಕಂಟ್ರಿ ಕೋರ್ಸಲ್ಲಿ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಅನ್ನೋ ಕುದುರೆಯ ಬಲಗಾಲಲ್ಲಿ, ಗೊರಸಿಗಿಂತ ಸ್ವಲ್ಪ ಮೇಲೆ, ಲಿಗಮೆಂಟ್ ಹರಿದುಹೋಯ್ತು. ಸರಿಮಾಡೋಕೆ ಸಾಧ್ಯವೇ ಇರಲಿಲ್ಲ. ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯ್ತು. ಜಗತ್ತಿನ ಅತಿ ದೊಡ್ಡ ಸ್ಪರ್ಧೆಯಲ್ಲೇ ಹೀಗಾಗಬಹುದು ಅಂದ್ರೆ, “ಒಳ್ಳೆ ಬೂಟ್ ಹಾಕಿದೀನಲ್ಲ, ಇನ್ನೊಂದು ರೌಂಡ್ ಹೊಡೆಸೋಣ” ಅನ್ನೋ ಧೈರ್ಯ ನಮಗೆ ಬರಲೇಬಾರದು.

ನಮ್ಮಲ್ಲಿ ಇದು ಇನ್ನೂ ಮುಖ್ಯ. ರೈಡಿಂಗ್ ಸ್ಕೂಲ್‌ಗಳ ಎಷ್ಟೋ ಕುದುರೆಗಳು ರೇಸಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳು. ಅವುಗಳ ಕಾಲಲ್ಲಿ ಹಳೇ ಪೆಟ್ಟು ಇದೆಯಾ ಅಂತ ಕೋಚ್‌ನ ಕೇಳಿ ತಿಳ್ಕೊಳ್ಳಿ.

(5/6)
ದಪ್ಪ ಬೂಟಿನ ಎರಡು ತೊಂದರೆ: ಶಾಖ ಮತ್ತು ನೀರು.

ಓಡುವ ಕುದುರೆಯ ಟೆಂಡನ್ ಒಳಗೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಶಾಖ ಏರೋದನ್ನ 1990ರ ದಶಕದಲ್ಲೇ ಅಳೆದಿದ್ದಾರೆ. ಅದರ ಮೇಲೆ ಕಂಬಳಿ ಸುತ್ತಿದ ಹಾಗೆ ಬೂಟ್ ಹಾಕಿದ್ರೆ ಆ ಶಾಖ ಹೊರಗೆ ಹೋಗೋದು ಹೇಗೆ? ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಗಾಳಿಯಾಡೋ ಬೂಟೇ ಸರಿ.

ನೀರಿನ ಪರೀಕ್ಷೆ ಮನೇಲೇ ಮಾಡಬಹುದು. ಅಡುಗೆಮನೆ ತೂಕದ ಯಂತ್ರದಲ್ಲಿ ಬೂಟನ್ನ ತೂಗಿ, ಬಕೆಟ್ ನೀರಲ್ಲಿ ಮುಳುಗಿಸಿ, ಎತ್ತಿ ಎರಡು ನಿಮಿಷ ಬಿಟ್ಟು ಮತ್ತೆ ತೂಗಿ. ತೂಕ ಜಾಸ್ತಿ ಏರಿದ್ರೆ ಅದು ಕ್ರಾಸ್-ಕಂಟ್ರಿಗೆ ಬೇಡ. ವಾಟರ್ ಜಂಪ್ ಆದಮೇಲೆ ಕುದುರೆ ಆ ಭಾರವನ್ನ ಪ್ರತಿ ಹೆಜ್ಜೆಗೂ ಎತ್ತಬೇಕು. ಕುರಿ ಉಣ್ಣೆಯ ಲೈನಿಂಗ್ ಇರೋ ಬೂಟ್ ಮೆತ್ತಗಿರುತ್ತೆ, ಚಂದ ಇರುತ್ತೆ, ಆದ್ರೆ ನೀರು ಕುಡಿದು ಕೂತ್ಕೊಳ್ಳುತ್ತೆ.

(6/6)
ಕೊನೆಗೆ ಅಳತೆ. ಸಾವಿರಾರು ರೂಪಾಯಿಯ ಬೂಟ್ ಸಡಿಲ ಇದ್ರೆ ಜಾರುತ್ತೆ, ಮಣ್ಣು ಒಳಗೆ ಹೋಗಿ ಚರ್ಮ ಉಜ್ಜುತ್ತೆ. ಬಿಗಿ ಇದ್ರೆ ಟೆಂಡನ್ ಒತ್ತುತ್ತೆ. ಥರೋಬ್ರೆಡ್ ಕಾಲು ತೆಳ್ಳಗೆ, ಆದ್ದರಿಂದ ಟೇಪ್ ಹಿಡಿದು ಉದ್ದ, ಸುತ್ತಳತೆ ಎರಡನ್ನೂ ನೋಡಿಯೇ ತಗೊಳ್ಳಿ.

✅ ಕಾಲು ಮಡಿಸಿ ನೋಡಿ, ಬೂಟಿನ ಮೇಲಂಚು ಮಂಡಿಗೆ ತಾಗಬಾರದು
✅ ಪಟ್ಟಿಗಳು ಹೊರಬದಿಯಲ್ಲಿ, ತುದಿ ಹಿಂದಕ್ಕೆ
✅ ವೆಲ್ಕ್ರೋ ಮೇಲೆ ಟೇಪ್ ಸುತ್ತೋದಾದ್ರೆ ಪಟ್ಟಿಗಿಂತ ಬಿಗಿಯಾಗಿ ಬೇಡ
✅ ಸ್ಪರ್ಧೆಯ ದಿನ ಹೊಸ ಬೂಟ್ ಬೇಡವೇ ಬೇಡ, ಪ್ರಾಕ್ಟೀಸಲ್ಲಿ ಹಾಕಿ ನೋಡಿ
✅ ಮುಗಿದ ತಕ್ಷಣ ಬಿಚ್ಚಿ, ತಣ್ಣೀರು ಹಾಕಿ, ಕೈಯಿಂದ ಕಾಲು ಸವರಿ ನೋಡಿ. ಬಿಸಿ, ಊತ ಇದ್ರೆ ಡಾಕ್ಟರ್‌ಗೆ ಹೇಳಿ

“ಸ್ಟೂಡೆಂಟ್ಸ್ ಕಣೋ, ದುಡ್ಡೆಲ್ಲಿದೆ?” ಅಂತೀರಾ? ಸೀನಿಯರ್ ಹತ್ರ ಹಳೇ ಬೂಟ್ ತಗೊಳ್ಳಿ, ನಾಚಿಕೆ ಯಾಕೆ? ವೆಲ್ಕ್ರೋ ಹಿಡೀತಿದ್ಯಾ, ಪ್ಲೇಟ್ ಬಿರುಕು ಬಿಟ್ಟಿಲ್ವಾ, ಆ ಕುದುರೆ ಕಾಲಿಗೆ ಸರಿ ಕೂರುತ್ತಾ, ಇಷ್ಟು ನೋಡಿದ್ರೆ ಸಾಕು. ಹೊಸ ಮ್ಯಾಚಿಂಗ್ ಸೆಟ್‌ಗಿಂತ ಅದು ಎಷ್ಟೋ ಮೇಲು.

ಕುದುರೆಗೆ “ಇದು ಒತ್ತುತ್ತಿದೆ” ಅಂತ ಹೇಳೋಕೆ ಬಾಯಿಲ್ಲ. ಕಿವಿ ಹಿಂದಕ್ಕೆ ಹೋಗುತ್ತೆ, ಹೆಜ್ಜೆ ಚಿಕ್ಕದಾಗುತ್ತೆ. ಅದು ಕಂಡ್ರೆ ನಿಲ್ಲಿಸಿ. ಅವತ್ತು ರಿಬ್ಬನ್ ಬರದಿದ್ರೂ ಪರವಾಗಿಲ್ಲ.

ಸೇವ್ ಮಾಡ್ಕೊಳ್ಳಿ, ಬೂಟ್ ಅಂಗಡಿಗೆ ಹೊರಟಿರೋ ಫ್ರೆಂಡ್‌ಗೆ ಕಳಿಸಿ. ಮುಂದಿನ ಸರಣಿ: ಓವರ್‌ರೀಚ್ ಬೂಟ್ ಬೇಕಾ, ಬೇಡ್ವಾ?

#ಕುದುರೆಸವಾರಿ #ಈವೆಂಟಿಂಗ್ #ಕನ್ನಡದಲ್ಲಿಕುದುರೆ