ಹಳೇ ಪ್ಲೇಟು, ಭಾಗ 9: ಆ ಪಿಯಾನೊ ನುಡಿಸಿದ್ದು ಯಾರು?

1/7

ಮೊದಲು ಒಂದು ಪ್ರಶ್ನೆ. ಗೂಗಲ್ ಮಾಡ್ಬೇಡಿ, ಸುಮ್ನೆ ಓದಿ.

1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಚಿನ್ನದ ಲೇಪ ಇರೋ ಒಂದೊಂದು ತಾಮ್ರದ ಪ್ಲೇಟು. ಎಲ್ಲಾದರೂ ಯಾರಾದರೂ ಇದ್ದು, ಅವರ ಕೈಗೆ ಸಿಕ್ಕರೆ, ಭೂಮಿಯ ಸಂಗೀತ ಕೇಳಲಿ ಅಂತ. ಅದರಲ್ಲಿ ಬಾಖ್ ಇದ್ದಾರೆ, ಬೀಥೋವನ್ ಇದ್ದಾರೆ, ನಮ್ಮ ಕಡೆಯಿಂದ ಕೇಸರಬಾಯಿ ಕೇರ್ಕರ್ ಇದ್ದಾರೆ. ರಾಕ್ ಅಂಡ್ ರೋಲ್ ಕಡೆಯಿಂದ ಹೋಗಿದ್ದು ಒಂದೇ ಒಂದು ಹಾಡು: ಚಕ್ ಬೆರಿಯ ‘ಜಾನಿ ಬಿ. ಗುಡ್’.

ಈಗ ಹೆಡ್‌ಫೋನ್ ಹಾಕ್ಕೊಂಡು ಆ ಹಾಡು ಕೇಳಿ. ಶುರುವಿನ ಗಿಟಾರ್ ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಹಿಂದೆ ಕಿವಿ ಕೊಡಿ. ಒಂದು ಪಿಯಾನೊ ಓಡ್ತಾ ಇರುತ್ತೆ, ಗಿಟಾರಿಗೆ ಉತ್ತರ ಕೊಡೋ ಹಾಗೆ. ಅದನ್ನು ನುಡಿಸಿದ್ದು ಯಾರು?

‘ಚಕ್ ಬೆರಿಯ ಪಿಯಾನೊ ಅಂದ್ರೆ ಜಾನಿ ಜಾನ್ಸನ್, ಇನ್ಯಾರು’ ಅಂತೀರಾ. ತುಂಬ ಜನ ಹಾಗೇ ಅಂತಾರೆ. ಆದರೆ 1958ರ ಆ ಸೆಷನ್ನಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣೋ ಹೆಸರು ಲಫಾಯೆಟ್ ಲೀಕ್. ಈ ಇಬ್ಬರ ನಡುವೆ ಅಭಿಮಾನಿಗಳ ಜಗಳ ಇವತ್ತಿಗೂ ಮುಗಿದಿಲ್ಲ.

ಯೋಚನೆ ಮಾಡಿ. ಭೂಮಿಯ ವಿಳಾಸ ಬರೆದು ಆಕಾಶಕ್ಕೆ ಕಳಿಸಿದ ಪ್ಲೇಟು ಅದು. ಅದರಲ್ಲಿ ಪಿಯಾನೊ ಯಾರದು ಅಂತ ಭೂಮಿಯವರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ನನ್ನ ವಾದ ಏನು ಅಂತ ಮುಂದೆ ಹೇಳ್ತೀನಿ. ಅದಕ್ಕೂ ಮುಂಚೆ ನನ್ನದೇ ಒಂದು ತಪ್ಪು ಒಪ್ಕೋಬೇಕು.

2/7

ಭಾಗ 8ರಲ್ಲಿ ನಾನು ಜಾನಿ ಬರ್ನೆಟ್ ತಂಡದ ‘ದ ಟ್ರೇನ್ ಕೆಪ್ಟ್ ಎ-ರೋಲಿನ್’ ಬಗ್ಗೆ ಬರೆದಿದ್ದೆ. ‘ಆ ಒರಟು ಗಿಟಾರ್ ಪಾಲ್ ಬರ್ಲಿಸನ್ ಅವರದ್ದು’ ಅಂತ ಪೂರ್ಣವಿರಾಮ ಹಾಕಿ ಬರೆದಿದ್ದೆ. ಆ ಪೂರ್ಣವಿರಾಮವನ್ನು ಇವತ್ತು ವಾಪಸ್ ತಗೋತಿದೀನಿ.

ಕಥೆ ಸಕ್ಕತ್ತಾಗಿದೆ, ಅದಕ್ಕೇ ನಾನು ಬಿದ್ದಿದ್ದು. ಒಂದು ಸಲ ಬರ್ಲಿಸನ್ ಆಂಪ್ಲಿಫೈಯರ್ ಕೆಳಗೆ ಬಿತ್ತಂತೆ. ಒಳಗಿನ ವಾಲ್ವ್ ಸಡಿಲವಾಗಿ ಗಿಟಾರ್ ದನಿ ಗೊರಗೊರ ಅನ್ನೋಕೆ ಶುರುವಾಯ್ತಂತೆ. ಅದು ಅವರಿಗೆ ಇಷ್ಟ ಆಗಿ, ಆಮೇಲೆ ಬೇಕಂತಲೇ ವಾಲ್ವ್ ಸಡಿಲ ಮಾಡಿ ಅದೇ ದನಿ ಬರಿಸ್ತಿದ್ದರಂತೆ. ಇದನ್ನು ಹೇಳಿದ್ದು ಬರ್ಲಿಸನ್ ಅವರೇ.

ಆದರೆ ಹಾಡು ರೆಕಾರ್ಡ್ ಆಗಿದ್ದು 1956ರ ಜುಲೈನಲ್ಲಿ, ನ್ಯಾಶ್‌ವಿಲ್‌ನ ಓವನ್ ಬ್ರಾಡ್ಲಿ ಸ್ಟುಡಿಯೋದಲ್ಲಿ. ಅಲ್ಲಿಗೆ ಯಾವ ತಂಡ ಬಂದರೂ ಜೊತೆಗೆ ಸ್ಟುಡಿಯೋದ ನುರಿತ ವಾದಕರನ್ನು ಕೂರಿಸೋದು ರೂಢಿ. ಅವರಲ್ಲಿ ಒಬ್ಬರು ಗ್ರೇಡಿ ಮಾರ್ಟಿನ್. 1961ರ ‘ಡೋಂಟ್ ವರಿ’ ಹಾಡಿನಲ್ಲಿ ಗುಂಯ್‌ಗುಡೋ ಪ್ರಸಿದ್ಧ ಸೋಲೋ ಇದೆಯಲ್ಲ, ಅದು ಇವರದ್ದೇ. ಬರ್ಲಿಸನ್ ಬೇರೆ ಕಡೆ ಬಾರಿಸಿದ್ದನ್ನೂ ಮಾರ್ಟಿನ್ ಬಾರಿಸಿದ್ದನ್ನೂ ಪಕ್ಕಪಕ್ಕ ಇಟ್ಟು ಕೇಳಿದ ಸಂಶೋಧಕರು, ‘ಟ್ರೇನ್’ ಹಾಡಿನಲ್ಲಿ ಇರೋದು ಮಾರ್ಟಿನ್ ಕೈ ಅಂತ ವಾದಿಸ್ತಾರೆ.

ಇಬ್ಬರೂ ಈಗ ಇಲ್ಲ. ಮಾರ್ಟಿನ್ 2001ರಲ್ಲಿ ಹೋದರು, ಬರ್ಲಿಸನ್ 2003ರಲ್ಲಿ.

ನನಗೆ ಮಾರ್ಟಿನ್ ಪಕ್ಷದ ವಾದವೇ ಗಟ್ಟಿ ಅನ್ಸುತ್ತೆ. ಹಾಗಂತ ಬರ್ಲಿಸನ್ ಸುಳ್ಳು ಹೇಳಿದರು ಅಂತ ನಾನು ಬರೆಯಲ್ಲ. ಆ ದನಿಯನ್ನು ಅವರು ವೇದಿಕೆ ಮೇಲೆ ಬರಿಸಿರಬಹುದು. ಸ್ಟುಡಿಯೋದಲ್ಲಿ ಮತ್ತೊಬ್ಬರು ಬಾರಿಸಿರಬಹುದು. ಎರಡೂ ಒಟ್ಟಿಗೆ ನಿಜ ಇರೋಕೆ ಸಾಧ್ಯ.

ಹಾಗಾಗಿ ತಿದ್ದುಪಡಿ ಹೀಗೆ: ‘ಗಿಟಾರ್: ಗ್ರೇಡಿ ಮಾರ್ಟಿನ್ ಅಥವಾ ಪಾಲ್ ಬರ್ಲಿಸನ್.’

ಇವತ್ತಿನ ಇಡೀ ಪೋಸ್ಟ್ ಆ ‘ಅಥವಾ’ ಬಗ್ಗೆನೇ.

3/7

‘ಅಷ್ಟು ಫೇಮಸ್ ಹಾಡುಗಳು, ಯಾರು ಬಾರಿಸಿದ್ದು ಅಂತ ಬರೆದಿಟ್ಟಿಲ್ವಾ?’ ಅಂತ ನೀವು ಕೇಳ್ತೀರಿ. ನಾನೂ ಕೇಳಿದ್ದೆ.

ಮೊದಲ ಕಾರಣ, ಪ್ಲೇಟಿನ ಮಧ್ಯದ ಕಾಗದದ ಮೇಲೆ ಹಾಡುಗಾರರ ಹೆಸರು, ಬರೆದವರ ಹೆಸರು ಬಿಟ್ಟರೆ ಬೇರೆಯವರಿಗೆ ಸಾಮಾನ್ಯವಾಗಿ ಜಾಗ ಇರ್ತಿರಲಿಲ್ಲ. ಜಾಗ ಇರ್ಲಿಲ್ಲ ಅನ್ನೋದಕ್ಕಿಂತ ಕೊಡ್ಲಿಲ್ಲ ಅನ್ನಿ. 1954ರಲ್ಲಿ ಮೆಂಫಿಸ್‌ನ ಪುಟ್ಟ ಸನ್ ಕಂಪನಿ ಎಲ್ವಿಸ್‌ನ ಮೊದಲ ಪ್ಲೇಟ್ ತಂದಾಗ, ಎಲ್ವಿಸ್ ಹೆಸರಿನ ಜೊತೆಗೇ ‘ಸ್ಕಾಟಿ ಅಂಡ್ ಬಿಲ್’ ಅಂತ ಅಚ್ಚು ಹಾಕಿತ್ತು. ಗಿಟಾರಿನ ಸ್ಕಾಟಿ ಮೂರ್, ಬೇಸ್‌ನ ಬಿಲ್ ಬ್ಲ್ಯಾಕ್. ಮನಸ್ಸು ಮಾಡಿದರೆ ಜಾಗ ಸಿಗುತ್ತೆ.

ಎರಡನೇ ಕಾರಣ, ಅಚ್ಚಾಗಿದ್ದೆಲ್ಲ ನಿಜ ಅಲ್ಲ. 1951ರ ‘ರಾಕೆಟ್ 88’ ಪ್ಲೇಟಿನ ಮೇಲೆ ‘ಜಾಕಿ ಬ್ರೆನ್‌ಸ್ಟನ್ ಅಂಡ್ ಹಿಸ್ ಡೆಲ್ಟಾ ಕ್ಯಾಟ್ಸ್’ ಅಂತಿದೆ. ಬ್ರೆನ್‌ಸ್ಟನ್ ಹಾಡಿದ್ದು ನಿಜ. ಆದರೆ ಬಾರಿಸಿದ್ದು ಐಕ್ ಟರ್ನರ್ ತಂಡ, ಅದರ ಹೆಸರು ‘ಕಿಂಗ್ಸ್ ಆಫ್ ರಿದಮ್’. ಬ್ರೆನ್‌ಸ್ಟನ್ ಆ ತಂಡದ ಸ್ಯಾಕ್ಸೊಫೋನ್ ವಾದಕ. ಚಕ್ ಬೆರಿಯ ‘ಮೇಬೆಲೀನ್’ ಇನ್ನೂ ಚೆನ್ನಾಗಿದೆ. 1955ರಲ್ಲಿ ಬಂದ ಆ ಹಾಡಿನ ರಚನೆಕಾರರ ಪಟ್ಟಿಯಲ್ಲಿ ಬೆರಿ ಜೊತೆ ಇನ್ನಿಬ್ಬರು ಇದ್ದರು, ಅದರಲ್ಲೊಬ್ಬರು ರೇಡಿಯೋದ ಅಲನ್ ಫ್ರೀಡ್. ಹಾಡು ರೇಡಿಯೋದಲ್ಲಿ ಓಡಬೇಕಲ್ಲ! ಆ ಎರಡು ಹೆಸರು ತೆಗೆಸೋಕೆ 1986ರವರೆಗೆ ಕಾಯಬೇಕಾಯ್ತು.

ಮೂರನೇದು, ಕಾಗದ. ವಾದಕರ ಯೂನಿಯನ್ ಇದ್ದ ಕಡೆ, ಯಾರು ಬಂದರು, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಒಂದು ಹಾಳೆ ಇರ್ತಿತ್ತು. ಇವತ್ತು ಸಂಶೋಧಕರಿಗೆ ಅದೇ ಬಂಗಾರ. ಆದರೆ ಅದು ಸಂಬಳದ ಹಾಳೆ, ಸಂಗೀತದ ಇತಿಹಾಸ ಅಲ್ಲ. ಇಬ್ಬರು ಗಿಟಾರ್‌ನವರ ಹೆಸರಿದ್ದರೆ ಸೋಲೋ ಯಾರದು ಅಂತ ಅದು ಹೇಳಲ್ಲ. ಸಣ್ಣ ಕಂಪನಿಗಳಲ್ಲಿ ಎಷ್ಟೋ ಸಲ ಆ ಹಾಳೆಯೂ ಇಲ್ಲ.

ಉಳಿದಿದ್ದು ನೆನಪು. ಮೂವತ್ತು ನಲವತ್ತು ವರ್ಷ ಆದಮೇಲೆ ಯಾರೋ ಬಂದು ‘ಆ ಮಂಗಳವಾರ ನೀವು ಬಾರಿಸಿದ್ರಾ?’ ಅಂತ ಕೇಳ್ತಾರೆ. ವಾರಕ್ಕೆ ಹತ್ತಾರು ಹಾಡು ಬಾರಿಸಿದ ಮನುಷ್ಯ ಏನಂತ ಹೇಳಬೇಕು?

4/7

‘ವಿಡಿಯೋ ನೋಡಿದ್ರೆ ಗೊತ್ತಾಗಲ್ವಾ?’

ಗೊತ್ತಾಗಲ್ಲ. ಕೆಲವು ಸಲ ವಿಡಿಯೋನೇ ದಾರಿ ತಪ್ಪಿಸುತ್ತೆ.

ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಗೊತ್ತಲ್ಲ? ಅದೇ ಹೆಸರಿನ 1956ರ ಸಿನಿಮಾದಲ್ಲಿ ಗಿಟಾರ್ ಹಿಡಿದು ನಿಂತಿರೋದು ಫ್ರಾನಿ ಬೀಚರ್. ಒಳ್ಳೇ ಗಿಟಾರಿಸ್ಟೇ. ಆದರೆ ಪ್ಲೇಟಿನಲ್ಲಿರೋ ಆ ಮಿಂಚಿನ ಸೋಲೋ ಅವರದ್ದಲ್ಲ. ಅದು ಡ್ಯಾನಿ ಸೆಡ್ರೋನ್ ಅವರದ್ದು.

ಸೆಡ್ರೋನ್ ತಂಡದ ಕಾಯಂ ಸದಸ್ಯ ಅಲ್ಲ, ಸೆಷನ್‌ಗೆ ಕರೆಸಿದವರು. 1954ರ ಏಪ್ರಿಲ್ 12ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡಿಂಗ್. ಅದಕ್ಕೆ ಅವರಿಗೆ ಸಿಕ್ಕಿದ್ದು 21 ಡಾಲರ್ ಅಂತಾರೆ. ಜೂನ್ 17ಕ್ಕೆ ಮೆಟ್ಟಿಲಿಂದ ಬಿದ್ದು ತೀರಿಕೊಂಡರು. ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದು ಮರುವರ್ಷ, 1955ರಲ್ಲಿ. ಜಗತ್ತೆಲ್ಲ ಕುಣಿದ ಆ ಸೋಲೋ ಗೆದ್ದಿದ್ದನ್ನು ಬಾರಿಸಿದವರು ನೋಡಲೇ ಇಲ್ಲ.

ಹಾಗಾದ್ರೆ ಅದು ಸೆಡ್ರೋನ್‌ದೇ ಅಂತ ಇಷ್ಟು ಧೈರ್ಯವಾಗಿ ಹೇಗೆ ಹೇಳ್ತಿದೀನಿ? 1952ರಲ್ಲಿ ಹೇಲಿ ತಂಡ ‘ರಾಕ್ ದ ಜಾಯಿಂಟ್’ ಅಂತ ಇನ್ನೊಂದು ಹಾಡು ಮಾಡಿತ್ತು. ಅದರಲ್ಲೂ ಸೆಡ್ರೋನ್ ಇದ್ದರು. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ: ಹೆಚ್ಚುಕಮ್ಮಿ ಅದೇ ಸೋಲೋ! ಸೆಷನ್ನಿನ ದಾಖಲೆ, ಜೊತೆಗಾರರ ಮಾತು, ನಮ್ಮ ಕಿವಿ, ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಅಲ್ಲಿ ‘ಅಥವಾ’ ಬೇಡ. ಅಲ್ಲಿ ಪೂರ್ಣವಿರಾಮನೇ ಹಾಕಬೇಕು.

ನಾನು ಹೇಳ್ತಿರೋದು ‘ಯಾವುದೂ ಗೊತ್ತಿಲ್ಲ ಬಿಡಿ’ ಅಂತಲ್ಲ. ಗೊತ್ತಿರೋದನ್ನು ಗಟ್ಟಿಯಾಗಿ ಹೇಳಿ. ಅನುಮಾನ ಇರೋ ಕಡೆ ಅನುಮಾನ ಇದೆ ಅಂತಲೇ ಬರೀರಿ. ಎರಡಕ್ಕೂ ಕೆಲಸ ಒಂದೇ: ಹುಡುಕಬೇಕು.

5/7

ಈಗ ಕ್ಲಾಸಿನ ಹಿಂದಿನ ಬೆಂಚಿಂದ ಬರೋ ಪ್ರಶ್ನೆ: ‘ಹಾಡು ಚೆನ್ನಾಗಿದೆ ತಾನೆ ಗುರು, ಯಾರು ಬಾರಿಸಿದ್ರೆ ಏನು?’

ಏನಂದ್ರೆ, ಅನ್ನ.

ಜಾನಿ ಜಾನ್ಸನ್ ವಿಷಯಕ್ಕೇ ಬನ್ನಿ. ಸೇಂಟ್ ಲೂಯಿಸ್‌ನಲ್ಲಿ ಮೊದಲು ತಂಡ ಇದ್ದಿದ್ದು ಅವರದ್ದು. ಅದಕ್ಕೆ ಬಂದು ಸೇರಿದ್ದು ಚಕ್ ಬೆರಿ. ‘ಮೇಬೆಲೀನ್’ ಹಾಡಿನ ಪಿಯಾನೊ ಜಾನ್ಸನ್‌ದೇ, ಅದರಲ್ಲಿ ಅನುಮಾನ ಇಲ್ಲ. ಬೆರಿ ಜಗತ್ಪ್ರಸಿದ್ಧ ಆದರು. ಜಾನ್ಸನ್ 80ರ ದಶಕದಲ್ಲಿ ಅದೇ ಊರಲ್ಲಿ ಬಸ್ ಓಡಿಸ್ತಿದ್ದರು. 1987ರಲ್ಲಿ ಬೆರಿ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಅದಕ್ಕೆ ಸಂಗೀತ ನೋಡ್ಕೊಂಡ ಕೀತ್ ರಿಚರ್ಡ್ಸ್ ಅವರನ್ನು ಮತ್ತೆ ಪಿಯಾನೊ ಮುಂದೆ ಕೂರಿಸಿದ ಮೇಲೆ ಜನಕ್ಕೆ ಅವರ ಹೆಸರು ತಿಳೀತು.

2000ದಲ್ಲಿ ಜಾನ್ಸನ್ ಕೋರ್ಟಿಗೆ ಹೋದರು. ಎಷ್ಟೋ ಹಾಡುಗಳನ್ನು ನಾವಿಬ್ಬರೂ ಸೇರಿ ಕಟ್ಟಿದ್ದು, ನನಗೂ ಪಾಲು ಬರಬೇಕು ಅನ್ನೋದು ಅವರ ವಾದ. 2002ರಲ್ಲಿ ಕೇಸ್ ವಜಾ ಆಯ್ತು. ಗಮನಿಸಿ, ‘ನೀವು ಹಾಡು ಕಟ್ಟಿಲ್ಲ’ ಅಂತ ಕೋರ್ಟ್ ಹೇಳಲಿಲ್ಲ. ‘ತುಂಬ ತಡವಾಯ್ತು’ ಅಂತ ಹೇಳ್ತು.

ಆ ‘ತಡವಾಯ್ತು’ ಅನ್ನೋ ಮಾತು ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ಇದನ್ನು ಓದಿದಾಗ ‘ಜಾನಿ ಬಿ. ಗುಡ್’ ಪಿಯಾನೊನೂ ಜಾನ್ಸನ್‌ಗೇ ಕೊಟ್ಟುಬಿಡೋಣ ಅನ್ಸುತ್ತೆ. ಹಾಡಿನ ಹೆಸರಲ್ಲೇ ಜಾನಿ ಇದೆ, ಅನ್ಯಾಯ ಆಗಿರೋದೂ ಅವರಿಗೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಹಾಗೆ ಮಾಡಿದರೆ ಲಫಾಯೆಟ್ ಲೀಕ್ ಕಥೆ ಏನು? ಅವರೂ ಷಿಕಾಗೊದ ಸ್ಟುಡಿಯೋಗಳಲ್ಲಿ ಬೇರೆಯವರ ಹೆಸರಿನ ಹಿಂದೆ ಕೂತು ದುಡಿದವರೇ. ಅವರ ಪರ ಹೇಳೋಕೆ ಒಂದು ಸಿನಿಮಾನೂ ಬರಲಿಲ್ಲ. ಒಬ್ಬರಿಗೆ ಆದ ಅನ್ಯಾಯ ಸರಿ ಮಾಡೋಕೆ ಇನ್ನೊಬ್ಬರ ಕೈಯಿಂದ ಕಿತ್ಕೊಳ್ಳೋದು ನ್ಯಾಯ ಅಲ್ಲ.

ಅದಕ್ಕೇ ಹೇಳೋದು. ಅನುಮಾನ ಇರೋ ಕಡೆ ಒಂದೇ ಹೆಸರು ಬರೆದರೆ ಇನ್ನೊಬ್ಬರನ್ನು ಅಳಿಸಿದ ಹಾಗೆ. ಯಾರ ಹೆಸರನ್ನೂ ಬರೀದೇ ಇದ್ದರೆ ಇಬ್ಬರನ್ನೂ ಅಳಿಸಿದ ಹಾಗೆ. ‘ಅಥವಾ’ ಅಂತ ಬರೆದರೆ ಇಬ್ಬರೂ ಉಳೀತಾರೆ. ನಾಳೆ ಯಾವುದಾದರೂ ಹಾಳೆ ಸಿಕ್ಕರೆ ತಿದ್ದೋಕೆ ದಾರಿನೂ ಇರುತ್ತೆ.

6/7

ಮೆಂಫಿಸ್, ಷಿಕಾಗೊ ಎಲ್ಲ ಆಯ್ತು. ಈಗ ನಮ್ಮ ಕ್ಯಾಂಟೀನಿಗೆ ಬನ್ನಿ.

ಕಳೆದ ಸಲದ ಫೆಸ್ಟ್‌ನಲ್ಲಿ ನಮ್ಮ ಬ್ಯಾಂಡ್ ಮಾಡಿದ ಹಾಡು ನೆನಪಿದೆಯಾ? ಎರಡು ಸಲ ರೆಕಾರ್ಡ್ ಮಾಡಿದ್ವಿ, ಒಂದನ್ನು ರೀಲ್ ಹಾಕಿದ್ವಿ. ಕೀಬೋರ್ಡ್ ಹುಡುಗನಿಗೆ ಜ್ವರ ಅಂತ ಆವತ್ತು ಒಬ್ಬ ಸೀನಿಯರ್ ಅಕ್ಕ ಬಂದು ಕೂತಿದ್ದರು. ಸಂಜೆ ಹೊತ್ತಿಗೆ ಅವನೂ ಬಂದ, ಇನ್ನೊಂದು ಟೇಕ್ ಆಯ್ತು. ಕ್ಯಾಪ್ಷನ್ ಬರೆದಿದ್ದು ನಾನು. ಬ್ಯಾಂಡಿನ ಐದೂ ಜನರನ್ನು ಟ್ಯಾಗ್ ಮಾಡಿದೆ. ಅಕ್ಕನ ಹೆಸರು ಬರೀಲಿಲ್ಲ. ಬೇಕಂತ ಅಲ್ಲ, ಅವರು ‘ಬ್ಯಾಂಡಿನವರಲ್ಲ’ ಅಂತ ತಲೆಗೇ ಬರ್ಲಿಲ್ಲ.

ಮೊನ್ನೆ ಈ ಭಾಗ ಬರೆಯೋಕೆ ಕೂತಾಗ ಎದೆ ಧಸಕ್ ಅಂತು. ಗ್ರೂಪಲ್ಲಿ ಕೇಳಿದೆ: ರೀಲ್‌ನಲ್ಲಿರೋ ಕೀಬೋರ್ಡ್ ಯಾರದು? ಇಬ್ಬರು ಅಕ್ಕಂದು ಅಂದರು, ಇಬ್ಬರು ಅವನದ್ದು ಅಂದರು. ಅವನೇ ‘ನಂಗೆ ಜ್ಞಾಪಕ ಇಲ್ಲ ಮಚ್ಚಾ’ ಅಂದ. ಅಕ್ಕನಿಗೆ ಫೋನ್ ಮಾಡಿದೆ. ನಕ್ಕು, ‘ಯಾರದ್ದಾದ್ರೆ ಏನೋ, ಬಿಡೋ’ ಅಂದರು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, ‘ನನ್ನದೇ ಅನ್ಸುತ್ತೆ ಕಣೋ. ಆವತ್ತು ನಮ್ಮಮ್ಮಂಗೆ ಕಳಿಸಿದ್ದೆ’ ಅಂದರು.

ಇನ್ನೂ ಒಂದು ವರ್ಷ ಆಗಿಲ್ಲ. ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಆದರೂ ನಮಗೇ ಗೊತ್ತಿಲ್ಲ. ಇನ್ನು 1956ರವರನ್ನು ಏನಂತ ಬೈಯೋದು?

7/7

ರೀಲ್‌ನ ಕ್ಯಾಪ್ಷನ್ ಇವತ್ತು ಬದಲಾಯಿಸಿದೀನಿ. ಈಗ ಅಲ್ಲಿ ಎರಡು ಹೆಸರಿದೆ, ನಡುವೆ ‘ಅಥವಾ’ ಇದೆ. ಹೋಗಿ ನೋಡಿ.

ನೀವು ಮಾಡಬೇಕಾಗಿರೋದು ಇಷ್ಟೇ. ಏನೇ ರೆಕಾರ್ಡ್ ಮಾಡಿದರೂ ಆವತ್ತೇ ಬರೆದಿಡಿ: ತಾರೀಖು, ಜಾಗ, ಎಷ್ಟನೇ ಟೇಕ್, ಯಾರು ಏನು ಬಾರಿಸಿದರು. ನೋಟ್‌ಬುಕ್ಕಿನ ಹಿಂದಿನ ಹಾಳೆ ಸಾಕು. ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ. ಅರ್ಧ ಗಂಟೆಗೆ ಬಂದು ಹೋದವರ ಹೆಸರನ್ನೂ ಬರೀರಿ, ಅವರದ್ದು ಮೊದಲು ಬರೀರಿ. ಯಾಕಂದ್ರೆ ಮೊದಲು ಮರೆತುಹೋಗೋದು ಅದೇ.

ಇನ್ನೊಂದು ಮಾತು. ನಿಮ್ಮ ಮನೇಲೋ ಬೀದೀಲೋ ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸಿದವರು, ಮದ್ರಾಸಿಗೆ ಹೋಗಿ ಸಿನಿಮಾ ಹಾಡುಗಳಿಗೆ ಪಿಟೀಲು, ಕೊಳಲು, ತಬಲ ನುಡಿಸಿದವರು ಇರಬಹುದು. ನಮ್ಮ ಹಳೇ ಸಿನಿಮಾ ಪ್ಲೇಟುಗಳ ಮೇಲೂ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು ಸಿಗ್ತಾರೆ. ನುಡಿಸಿದವರು ಸಿಗೋದು ಅಪರೂಪ. ಈ ಭಾನುವಾರ ಹೋಗಿ ಕೇಳಿ. ಅವರು ‘ಅದೆಲ್ಲ ಯಾಕೆ ಬಿಡಪ್ಪಾ’ ಅಂತಾರೆ. ಬಿಡಬೇಡಿ, ಒಂದು ನಿಮಿಷ ಸುಮ್ನೆ ಕೂತಿರಿ.

ಭಾಗ 8ರ ತಪ್ಪನ್ನು ಅಳಿಸಿಲ್ಲ, ಅದರ ಕೆಳಗೇ ತಿದ್ದುಪಡಿ ಹಾಕಿದೀನಿ. ಇವತ್ತಿನದರಲ್ಲಿ ತಪ್ಪಿದ್ದರೆ ಹೇಳಿ, ಪುರಾವೆ ಜೊತೆ. ಭಾಗ 10ರಲ್ಲಿ ಅದರಿಂದಲೇ ಶುರು ಮಾಡ್ತೀನಿ.

#ಹಳೇಪ್ಲೇಟು #ಭಾಗ9 #ನುಡಿಸಿದ್ದುಯಾರು #ಅಥವಾ #ಹೆಸರುಬರೆದಿಡಿ